ಪೇಟಿಯ ವಾದವೂ ರವಿವಾರದ ರೇಡಿಯೋವೂ

ಹೊಸ ಧ್ವನಿಮುದ್ರಿಕೆಗಳನ್ನು ಕೇಳಿಸಿ, ಬಲ್ಲವರಿಬ್ಬರು ಅವುಗಳ ಕುರಿತು ವಾದಿಸುವ ಕಾರ್ಯಕ್ರಮಕ್ಕಾಗಿ ಧಾರವಾಡದ ನಮ್ಮ ಮನೆಯಲ್ಲಿ ಪ್ರತಿ ರವಿವಾರ ಸಂಜೆ ಎಲ್ಲರೂ ರೇಡಿಯೋದ ಮುಂದೆ ಕೂಡುತ್ತೇವೆ. ಕಳೆದ ವಾರದ ಚರ್ಚೆ, ಯುವ ಗಾಯಕಿಯೊಬ್ಬರ ಆಲ್ಬಮ್‌ನಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯವಾದ ಸಾರಂಗಿಯ ಬದಲು ಹಾರ್ಮೋನಿಯಂ, ಅಂದರೆ ಪೇಟಿಯ ಸಾಥ್ (ಪಕ್ಕವಾದ್ಯ) ಇರುವುದು ಸರಿಯೇ ಎಂಬಲ್ಲಿಂದ ಆರಂಭವಾಗಿ, ಆಕಾಶವಾಣಿ 1940ರಲ್ಲಿ ಪೇಟಿಯನ್ನು ನಿಷೇಧಿಸಿದ ಪ್ರಸಂಗಕ್ಕೆ ತಲುಪಿತು. 1971ರಲ್ಲಿ ಆ ನಿರ್ಬಂಧ ಸಡಿಲವಾಯಿತು; ಅಂದರೆ 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರದ ಮೊದಲ ಎರಡು ದಶಕಗಳು ಆ ನಿಷೇಧದಡಿಯಲ್ಲೇ ಕಳೆದವು.

ಪೇಟಿಯ ವಿರೋಧಿಗಳ ವಾದದಲ್ಲಿ ಹುರುಳಿದೆ. ಪೇಟಿಯ ಪ್ರತಿ ಮನೆಗೂ (ಬೆರಳಿನಿಂದ ಒತ್ತುವ ಪಟ್ಟಿಗೂ) ಸ್ವರ ಮೊದಲೇ ನಿಗದಿಯಾಗಿರುವುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಹೊರಡದು. ದರ್ಬಾರಿ ರಾಗದ ಆಂದೋಲಿತ, ಅಂದರೆ ಮೆಲ್ಲಗೆ ತೂಗುವ ಗಾಂಧಾರ ಸ್ವರವನ್ನು ಸಾರಂಗಿ ಕೊರಳಿನಂತೆಯೇ ತೂಗಿಸಿದರೆ, ಪೇಟಿ ಅದರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೂ ನಾನು ಪೇಟಿಯ ಪಕ್ಷದವನು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಹಾರ್ಮೋನಿಯಂ ವಾದನವನ್ನು ಕೇಳಿದವರಿಗೆ ವಾದ್ಯದ ಮಿತಿಯೇ ಕಡೆಯ ಮಾತೆಂದು ಅನ್ನಿಸುವುದು ಕಷ್ಟ. ಒಳ್ಳೆಯ ಸಾಥಿಯು ಗಾಯಕರ ಮೀಂಡಿನ ಬೆನ್ನು ಹತ್ತುವುದಿಲ್ಲ, ಅದು ಬಂದು ತಂಗುವ ಸ್ವರದಲ್ಲಿ ಮೆಲ್ಲಗೆ ಕಾದಿರುತ್ತಾನೆ.

ಆ ಆಲ್ಬಮ್‌ನ ವಿಲಂಬಿತ (ನಿಧಾನ ಲಯದ) ಖ್ಯಾಲ್ ಗಾಯನದಲ್ಲಿ ಇದೇ ನಡೆದಿದೆ. ಚರ್ಚೆಯಲ್ಲಿ ಈ ಭಾಗವನ್ನು ಕೇಳಿಸದೆ, ದ್ರುತ್ (ವೇಗದ ಲಯದ) ಬಂದಿಶಿನ, ಅಂದರೆ ರಚನೆಯ ತುಣುಕನ್ನಷ್ಟೇ ಹಾಕಿದ್ದು ನನಗೆ ಬಹಳ ಬೇಸರ ತಂದಿತು.