ನಾಲ್ಕೂಕಾಲಿಗೇ ಕತ್ತಲು

ಬಾಸ್ಟನ್‌ನಲ್ಲಿ ಈಗ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ. ಕಾಫಿ ಲೋಟ ತೊಳೆಯುವ ಹೊತ್ತಿಗೆ ಕಿಟಕಿಯಾಚೆ ಕಪ್ಪು. ಎದುರು ಮನೆಯವರು ಇವತ್ತು ಏಣಿ ಹಾಕಿ ಸೂರಿನುದ್ದಕ್ಕೂ ದೀಪದ ಸರ ಕಟ್ಟಿದರು. ಒಂದು ಬಲ್ಬು ಮಾತ್ರ ಹಠ ಹಿಡಿದು ಮಿಣುಕುತ್ತಿದೆ.

ಡಿಸೆಂಬರ್ 25ಕ್ಕೆ ಇಷ್ಟೊಂದು ದೀಪ ಯಾಕೆ ಅನ್ನೋದು ಈ ಚಳಿಗೆ ಬಂದ ಮೇಲೇ ಅರ್ಥವಾಗಿದ್ದು. ಬೈಬಲ್‌ನಲ್ಲಿ ಏಸು ಹುಟ್ಟಿದ ತಾರೀಖೇ ಇಲ್ಲ. ಹಳೇ ರೋಮ್‌ನಲ್ಲಿ ಡಿಸೆಂಬರ್ 17ಕ್ಕೆ ಸ್ಯಾಟರ್ನೇಲಿಯಾ ಹಬ್ಬ ಶುರುವಾಗುತ್ತಿತ್ತು. ಊಟ, ಜೂಜು, ಉಡುಗೊರೆಗೆ ಮೇಣದಬತ್ತಿ, ಮಣ್ಣಿನ ಬೊಂಬೆ. ಕ್ರಿ.ಶ. 354ರ ರೋಮನ್ ಪಂಚಾಂಗವೊಂದರಲ್ಲಿ 25ಕ್ಕೆ 'ಸೋಲದವನ' ಹುಟ್ಟುದಿನ ಅಂತಲೂ ಇದೆ (ಅಂದರೆ ಸೂರ್ಯ), ಕ್ರಿಸ್ತನ ಹುಟ್ಟು ಅಂತಲೂ ಇದೆ. ಯಾರನ್ನು ನೋಡಿ ಯಾರು ಮಾಡಿದರೋ, ಪಂಡಿತರ ಜಗಳ ಇನ್ನೂ ಮುಗಿದಿಲ್ಲ. 'ಕ್ರೈಸ್ತರು ರೋಮನ್ನರ ಹಬ್ಬ ಕದ್ದರು' ಅಂತ ವಾಟ್ಸಾಪ್‌ನಲ್ಲಿ ಬರುವುದು ಸ್ವಲ್ಪ ಜಾಸ್ತಿನೇ ಆಯ್ತು.

ತಮಾಷೆ ಕೇಳಿ. ಬಾಸ್ಟನ್ ಇರುವ ಇದೇ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಕ್ರಿಸ್‌ಮಸ್ ಆಚರಿಸಿದರೆ 5 ಶಿಲಿಂಗ್ ದಂಡ! ಹಾಕಿದವರು ಕಟ್ಟಾ ಕ್ರೈಸ್ತರೇ, ಪ್ಯೂರಿಟನ್ನರು. ಬೈಬಲ್ ಹೇಳದ ಹಬ್ಬ ನಮಗ್ಯಾಕೆ ಅಂತ. 1681ರವರೆಗೂ ಆ ಕಾನೂನಿತ್ತು.

ನಮ್ಮ ದೀಪಾವಳಿಯ ಸರ ಇನ್ನೂ ಬಾಲ್ಕನಿಯಲ್ಲೇ ಇದೆ. ಈ ವಾರ ಬಿಚ್ಚೋಣ ಅಂತಿದ್ದೆ. ಮಾರ್ಚ್ ತನಕ ಇರಲಿ ಬಿಡಿ.