‘ಹದಿನಾಲ್ಕು ಕಾಟ ಕೊಡ್ತು’

ನೈಟ್ ಡ್ಯೂಟಿ ಮುಗಿದು ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಕೊಡುವಷ್ಟರಲ್ಲಿ ಎಂಟೂವರೆ. ಬಟ್ಟೆ ಬದಲಿಸಲು ಹೊರಟವಳನ್ನು ಎಂ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ತಡೆದಳು. “ಅಕ್ಕಾ, ಇಪ್ಪತ್ತೇ ನಿಮಿಷ. ಥೀಸಿಸ್‌ಗೆ ಬೇಕು. ಹೆಸರು ಬರೆಯೋದೇನೂ ಬೇಡ.” ಬಸ್ಸು ತಪ್ಪುತ್ತದೆ ಅನ್ನಬೇಕೆಂದಿದ್ದೆ. ಅವಳ ಕಣ್ಣಲ್ಲೂ ನಿದ್ದೆ ತುಂಬಿಕೊಂಡಿತ್ತು. ಕೂತೆ.

ಮೊದಲ ಹಾಳೆ ಬರ್ನ್‌ಔಟ್‌ದು, ಅಂದರೆ ಕೆಲಸದ ಒತ್ತಡದಿಂದ ಬಳಲಿ ಬತ್ತಿಹೋಗುವುದು. ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಗೋಲು, 22 ಹೇಳಿಕೆ. ಎಂದೂ ಅನ್ನಿಸದಿದ್ದರೆ 0, ದಿನಾ ಅನ್ನಿಸಿದರೆ 6. ಕೆಲಸದಿಂದ ಮನಸ್ಸು ಬರಿದಾಗಿದೆಯೇ ಎಂದಲ್ಲೆಲ್ಲ ಯೋಚಿಸದೆ ದೊಡ್ಡ ಅಂಕಿ ಹಾಕಿದೆ. ರೋಗಿಗಳನ್ನು ವಸ್ತುಗಳ ಹಾಗೆ ಕಾಣುತ್ತೀರಾ ಎಂಬರ್ಥದ ಸಾಲು ಬಂತು. ಪೆನ್ನು ನಿಂತಿತು. ಆಗಷ್ಟೇ ಹ್ಯಾಂಡ್‌ಓವರ್‌ನಲ್ಲಿ ನಾನು ಹೇಳಿದ್ದು, “ಹದಿನಾಲ್ಕು ರಾತ್ರಿಯೆಲ್ಲ ಕಾಟ ಕೊಡ್ತು.” ಕೊಟ್ರು ಅಲ್ಲ, ಕೊಡ್ತು. ಹದಿನಾಲ್ಕನೇ ಬೆಡ್ಡಿನ, ಎಪ್ಪತ್ತು ದಾಟಿದ ಅಜ್ಜ ಅವರು. ನಮ್ಮಪ್ಪನನ್ನು ಯಾರಾದರೂ ಹಾಗಂದಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಎರಡನೆಯದರಲ್ಲಿ 30 ಯೋಚನೆಗಳು. 1980ರಲ್ಲಿ ಹಾಲನ್ ಮತ್ತು ಕೆಂಡಾಲ್ ರೂಪಿಸಿದ್ದು. ಕಳೆದ ವಾರದಲ್ಲಿ ಇವು ಎಷ್ಟು ಸಲ ತಲೆಗೆ ಬಂದವು ಎಂದು 1ರಿಂದ 5ರವರೆಗೆ ಗುರುತು ಹಾಕಬೇಕು. “ನಾವು ಕರೆಯದೆ ತಾವಾಗೇ ಬರ್ತಾವಲ್ಲ, ಅಂಥ ಯೋಚನೆ ಅಕ್ಕಾ” ಎಂದಳು.

ವಾರದ್ದೇಕೆ, ಹಿಂದಿನ ರಾತ್ರಿಯದೇ ಸಾಕಿತ್ತು. ಎರಡೂವರೆ ಹೊತ್ತಿಗೆ ಆ ಅಜ್ಜನ ಕೈ ಊದಿಕೊಂಡಿತ್ತು, ಡ್ರಿಪ್ ನರ ಬಿಟ್ಟು ಚರ್ಮದಡಿ ಸೇರುತ್ತಿತ್ತು. ತೆಗೆದು ಇನ್ನೊಂದು ಕೈಗೆ ಹಾಕಲು ಹೋದೆ. ನರ ಸಿಕ್ಕಿತು, ರಕ್ತವೂ ಕಾಣಿಸಿತು, ಡ್ರಿಪ್ಪಿನ ಸಣ್ಣ ಕೊಳವೆ, ಕ್ಯಾನುಲಾ, ಮುಂದೆ ಜಾರಿಸುತ್ತಲೇ ನರ ಒಡೆದು ಆ ಜಾಗ ನೀಲಿಗಟ್ಟಿತು. ಎರಡನೇ ಸಲವೂ ಹಾಗೇ ಆಯಿತು. “ನಿಮಗೆ ಬರಲ್ಲ ಅಂದ್ರೆ ಬರೋರನ್ನ ಕರೀರಿ” ಎಂದ ಮಗ. ಆಗ ನನ್ನೊಳಗೇ ಒಂದು ದನಿ, ‘ನೀನು ಯಾವುದಕ್ಕೂ ಬಾರದವಳು.’ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿದ ಕೈ. ಆ ಹನ್ನೊಂದು ವರ್ಷ ಅಲ್ಲಿ ನೆನಪಿಗೇ ಬರಲಿಲ್ಲ.

ಅಂಥ ಸಾಲುಗಳಿಗೆಲ್ಲ 4, 5 ಹಾಕಿದೆ. ಅವು ಸುಳ್ಳೆಂದು ಹಗಲಲ್ಲಿ ನನಗೂ ಗೊತ್ತು. ಆದರೆ ಇನ್ನು ನನ್ನಿಂದಾಗದು ಎಂಬ ಸಾಲನ್ನು ಖಾಲಿ ಬಿಟ್ಟೆ.

“ಇದೊಂದು ಉಳೀತಲ್ಲ ಅಕ್ಕಾ.”

“ಅದು ಬರೀ ಯೋಚನೆ ಅಲ್ಲಮ್ಮ, ಲೆಕ್ಕ. ವಾರ್ಡಲ್ಲಿ 42 ಜನ, ನಾವಿಬ್ಬರು. ಒಂದು ಗಂಟೆಗೆ ಒಬ್ಬಳು ಐಸಿಯುಗೆ ಪೇಷೆಂಟ್ ಶಿಫ್ಟ್ ಮಾಡೋಕೆ ಹೋದಳು. ನಾಲ್ಕರವರೆಗೂ ನಾನೊಬ್ಬಳೇ.”

ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕಾಯಿಲೆ ಎಂದು ಕರೆಯುವುದಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎನ್ನುತ್ತದೆ ಎಂದು ಅವಳೇ ವಿವರಿಸಿದಳು. ಹಾಗಿದ್ದ ಮೇಲೆ ಆ ಜಾಗವನ್ನೂ ಅಳೆಯಬೇಕಲ್ಲವೇ? ಮೊದಲ ಪುಟದಲ್ಲಿ ವಯಸ್ಸು, ಮದುವೆ, ಮಕ್ಕಳು, ಸರ್ವೀಸು ಎಲ್ಲಕ್ಕೂ ಜಾಗವಿತ್ತು. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದಕ್ಕೆ ಇರಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಎಂ.ಎಸ್ಸಿ. ಸೇರುವ ಮೊದಲು ಮೂರು ವರ್ಷ ವಾರ್ಡಲ್ಲಿ ದುಡಿದವಳಂತೆ. “ನನಗೇ ಹೊಳೀಲಿಲ್ಲ ನೋಡಿ ಅಕ್ಕಾ. ಗೈಡ್‌ನ ಕೇಳ್ತೀನಿ” ಎಂದು, ಸರ್ವೀಸು ಕಾಲಮ್ಮಿನ ಕೆಳಗೆ ಪೆನ್ನಿಂದ ಒಂದು ಗೆರೆ ಎಳೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. 42 ಎಂದು ಬರೆದೆ.