ಕೊಲ್ಹಾಪುರದ ರದ್ದಿಯಲ್ಲಿ ನಮ್ಮ ಸಿನಿಮಾ

ಗದಗ ಬಿಟ್ಟು ಕೊಲ್ಹಾಪುರಕ್ಕೆ ಬಂದು 11 ವರ್ಷವಾಯಿತು. ಗೋಕುಲ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಊರಿಗೆ ಹೋದಾಗಲೆಲ್ಲ ಕಾಕಾ ಒಂದೇ ಮಾತು ಕೇಳುತ್ತಾರೆ. "ಅಲ್ಲೇನೈತೋ? ಚಪ್ಪಲಿ, ಬೆಲ್ಲ, ಅಂಬಾಬಾಯಿ ಗುಡಿ, ಅಷ್ಟ ಹೌದಲ್ಲೋ?"

ಅಷ್ಟೇ ಅಲ್ಲ ಕಾಕಾ. ಕನ್ನಡ ಸಿನಿಮಾ ಮೊದಲು ಮಾತಾಡಿದ್ದು ಈ ಊರಲ್ಲಿ.

ನಮ್ಮ ಮೊದಲ ಟಾಕಿ 'ಸತಿ ಸುಲೋಚನಾ'ದ ಶೂಟಿಂಗ್ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬಾ ಎಲ್ಲ ಇಲ್ಲಿಗೆ ಬಂದು ಪಾತ್ರ ಮಾಡಿದರು. 1934ರ ಮಾರ್ಚ್ 3ಕ್ಕೆ ಬೆಂಗಳೂರಲ್ಲಿ ಬಿಡುಗಡೆಯಾಯಿತು. ಇವತ್ತು ಆ ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ಆಗಿನ ನೈಟ್ರೇಟ್ ರೀಲು ತಾನಾಗಿಯೇ ಕೊಳೆಯುತ್ತಿತ್ತು, ಬೆಂಕಿ ತಾಗಿದರೆ ಆರಿಸಲಿಕ್ಕೆ ಆಗುತ್ತಿರಲಿಲ್ಲ. ಅದರಲ್ಲಿರುವ ಬೆಳ್ಳಿಯ ಆಸೆಗೆ ಹಳೆಯ ರೀಲು ಕರಗಿಸಿದವರೂ ಇದ್ದರು. ಹೀಗೆ ರೀಲೇ ಹೋದ ಮೇಲೆ ಚಿತ್ರದ ಗುರುತಿಗೆ ಏನು ಉಳಿಯುತ್ತದೆ? ಕಾಗದ. ಪೋಸ್ಟರು, ಸ್ಟಿಲ್ಲು ಅಂದರೆ ಚಿತ್ರದ ಫೋಟೋ, ಹಾಡಿನ ಪುಸ್ತಕ.

ಆ ಕಾಗದ ಎಲ್ಲಿ ಹೋಗುತ್ತಿದೆ ಅನ್ನುವುದು ನನಗೆ ಗೊತ್ತಾದದ್ದು ಲಕ್ಷ್ಮೀಪುರಿ ಕಡೆಯ ಒಂದು ರದ್ದಿ ಅಂಗಡಿಯಲ್ಲಿ. ಮಗನ ಹಳೆಯ ನೋಟ್‌ಬುಕ್ ಹಾಕಲು ಹೋಗಿದ್ದೆ. ತಕ್ಕಡಿಯ ಪಕ್ಕದ ಕಟ್ಟಿನಲ್ಲಿ ಕನ್ನಡ ಅಕ್ಷರ ಕಂಡವು. ಎಳೆದು ನೋಡಿದರೆ ನಾಲ್ಕು ಹಾಡಿನ ಪುಸ್ತಕ. ಒಳಗೆ ಪಾತ್ರಧಾರಿಗಳ ಹೆಸರು, ತಂತ್ರಜ್ಞರ ಹೆಸರು, ಹಾಡುಗಳು, ಅರ್ಧ ಕಥೆ. ಅರ್ಧ ಅಂದೆನಲ್ಲ, ಕಥೆ ಬಿಗಿಯಾಗುವ ಹೊತ್ತಿಗೆ "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ" ಎಂದು ನಿಲ್ಲಿಸುತ್ತಿದ್ದರು. ಅಂಗಡಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟ. ನಾಲ್ಕಕ್ಕೂ ಸೇರಿ ಒಂದು ಚಹಾದ ದುಡ್ಡೂ ಆಗಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಲ್ಲಿಂದ ಕೊಳ್ಳುವುದು ಶುರುವಾಯಿತು. ಜೋಡಿ ಇದ್ದದ್ದನ್ನು ಮಾರಿ, ಆ ದುಡ್ಡಿನಲ್ಲಿ ಇಲ್ಲದ್ದನ್ನು ಕೊಳ್ಳುತ್ತೇನೆ. ಪೋಸ್ಟರಿನ ಆಸೆ ಇದ್ದವನಿಗೆ ಈ ಊರು ಬಹಳ ಕಲಿಸುತ್ತದೆ. ಬಾಬುರಾವ್ ಪೇಂಟರ್ ಇಲ್ಲಿಯವರು. ಇಲ್ಲೇ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು, ಕ್ಯಾಮೆರಾ ಕೂಡ ತಾವೇ ಮಾಡಿಕೊಂಡರು, ತಮ್ಮ ಚಿತ್ರಗಳಿಗೆ ಪೋಸ್ಟರ್ ತಾವೇ ಬರೆದರು. ಅವರ ಕೈಕೆಳಗೆ ಪಳಗಿದವರು 1929ರಲ್ಲಿ ಇದೇ ಊರಲ್ಲಿ ಪ್ರಭಾತ್ ಕಂಪನಿ ತೆಗೆದರು, 1933ರಲ್ಲಿ ಪುಣೆಗೆ ಹೋದರು. ನಮ್ಮ ಕಲಾವಿದರು ಇಷ್ಟು ದೂರ ಯಾಕೆ ಬಂದರು ಅನ್ನುವುದು ಇದರಿಂದ ತಿಳಿಯುತ್ತದೆ. ಸ್ಟುಡಿಯೋ, ಯಂತ್ರ, ಕೆಲಸ ಬಲ್ಲ ಕೈಗಳು ಎಲ್ಲ ಇಲ್ಲಿದ್ದವು.

ಮೊದಲ ವರ್ಷ ಎರಡು ಪೆಟ್ಟು ತಿಂದೆ. ಮುಂಬೈಯ ಒಬ್ಬ ವ್ಯಾಪಾರಿ 'ಮೊದಲ ಬಿಡುಗಡೆಯದ್ದು' ಎಂದು ರಾಜ್‌ಕುಮಾರ್ ಚಿತ್ರದ ಪೋಸ್ಟರೊಂದನ್ನು ನನಗೆ 6000 ರೂಪಾಯಿಗೆ ಮಾರಿದ. ಆಮೇಲೆ ನೋಡಿದರೆ ಅದು ಬಹಳ ಈಚೆಗೆ ಅಚ್ಚಾದದ್ದು. ನಮ್ಮಲ್ಲಿ ಓಡಿದ ಚಿತ್ರಗಳು ಮತ್ತೆ ಮತ್ತೆ ಬಿಡುಗಡೆಯಾಗುತ್ತಿದ್ದವು, ಪ್ರತಿ ಸಲ ಹೊಸ ಪೋಸ್ಟರ್ ಬೀಳುತ್ತಿತ್ತು. ಚಿತ್ರದ ವರ್ಷವೇ ಪೋಸ್ಟರಿನ ವರ್ಷ ಆಗಬೇಕೆಂದಿಲ್ಲ. ಈಗ ಜೇಬಿನಲ್ಲಿ ಭೂತಗನ್ನಡಿ ಇಲ್ಲದೆ ನಾನು ಮನೆ ಬಿಡುವುದಿಲ್ಲ. ಆಫ್‌ಸೆಟ್ ಅಚ್ಚಾದರೆ ಬಣ್ಣದೊಳಗೆ ಒಂದೇ ಅಳತೆಯ ಸಾಲಿನಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಹಳೆಯ ಲಿಥೋದಲ್ಲಿ, ಅಂದರೆ ಕಲ್ಲಚ್ಚಿನಲ್ಲಿ, ಹಾಗಲ್ಲ, ಬಳಪದಿಂದ ತಿಕ್ಕಿದ ಹಾಗೆ ಒರಟು ಕಣ. ಅಂಚಿನಲ್ಲಿ ಪ್ರೆಸ್ಸಿನ ಹೆಸರು ಓದುತ್ತೇನೆ. ಮಡಿಕೆ ಬಿದ್ದಿದ್ದರೆ ಹೆದರುವುದಿಲ್ಲ. ಆಗ ಥಿಯೇಟರಿಗೆ ಮಡಚಿಯೇ ಕಳಿಸುತ್ತಿದ್ದರು. ಹಳೆಯದು ಅಂದ ಪೋಸ್ಟರಿನಲ್ಲಿ ಒಂದು ಮಡಿಕೆಯೂ ಇಲ್ಲದಿದ್ದರೆ ಇನ್ನೊಮ್ಮೆ ನೋಡಬೇಕು.

ಎರಡನೆಯ ಪೆಟ್ಟು ಇದಕ್ಕಿಂತ ನೋವಿನದು. ಒಂದು ಅಪರೂಪದ ಪೋಸ್ಟರ್ ಹಾಳಾಗದಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದೆ. ಬಿಸಿಗೆ ಕಾಗದ, ಪ್ಲಾಸ್ಟಿಕ್ ಎರಡೂ ಒಂದಾದವು. ಇನ್ನು ಅದನ್ನು ಬಿಡಿಸಲಿಕ್ಕೆ ಬರುವುದಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಕೂಡ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಬಿಸಿಲು, ಸೆಕೆ, ಗೆದ್ದಲು ಇಲ್ಲದ ಕಡೆ ಇಟ್ಟರೆ ಸಾಕು.

ಹೋದ ವರ್ಷ ಗಡಿಂಗ್ಲಜದಿಂದ ಒಬ್ಬ ಆಯಿ ಹೇಳಿ ಕಳಿಸಿದರು. ಆ ಕಡೆ ಕನ್ನಡದ ಮನೆಗಳು ಜಾಸ್ತಿ. ಅವರ ಯಜಮಾನರು ಸಂಕೇಶ್ವರದ ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಪಡಸಾಲೆಯಲ್ಲಿ ಟ್ರಂಕ್ ಇಳಿಸಿಟ್ಟಿದ್ದರು. ನನ್ನ ಕೈ ನೋಡಿ ಅಂದರು:

"ಯಪ್ಪಾ, ತಕ್ಕಡಿ ತಂದಿಲ್ಲೇನು?"

"ಇಲ್ಲ ಆಯಿ, ಇದನ್ನ ತೂಗಂಗಿಲ್ಲ. ಒಂದೊಂದ ನೋಡಿ ರೇಟ್ ಹೇಳ್ತೀನ್ರಿ."

ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಕೂತೆವು. ಒಂದೊಂದು ಹಾಡಿನ ಪುಸ್ತಕ ತೆಗೆದಾಗಲೂ ಅವರು ಯಾವ ಜಾತ್ರೆಯಲ್ಲಿ ಆ ಚಿತ್ರ ಹಾಕಿದ್ದರು, ಎಷ್ಟು ಗಾಡಿ ಬಂದಿದ್ದವು ಎಂದು ಹೇಳುತ್ತಿದ್ದರು. ನಾನು ಅದನ್ನು ಪುಸ್ತಕದ ಹಿಂಬದಿ ಪೆನ್ಸಿಲಿನಲ್ಲಿ ಬರೆಯದೆ, ಬೇರೆ ಚೀಟಿಯಲ್ಲಿ ಬರೆದುಕೊಂಡೆ. ಯಾರ ಮನೆಯದು, ಎಲ್ಲಿ ಓಡಿತು ಅನ್ನುವ ಆ ಚೀಟಿ ಇಲ್ಲದಿದ್ದರೆ ಪುಸ್ತಕ ಅರ್ಧ ಮೂಕ. ಪೋಸ್ಟರಿಗೆ ಇಷ್ಟು, ಸ್ಟಿಲ್ಲಿಗೆ ಇಷ್ಟು ಎಂದು ಅವರ ಮಗನ ಮುಂದೆಯೇ ಬರೆದು ಕೊಟ್ಟೆ. ಬೇರೆ ಕಡೆ ಕೇಳಿ ಆಮೇಲೆ ಕೊಡಿ ಎಂದೂ ಹೇಳಿದೆ. ಕೊಳ್ಳುವವನಿಗೆ ಬೆಲೆ ಗೊತ್ತಿದ್ದು ಮಾರುವವರಿಗೆ ಗೊತ್ತಿಲ್ಲದಿದ್ದರೆ ಅದು ವ್ಯಾಪಾರವೇ ಅಲ್ಲ ಅಂತ ನನಗೆ ಅನಿಸುತ್ತದೆ.

ಊರಿನವರಿಗೆ ಇಷ್ಟು ಹೇಳಬೇಕಿತ್ತು. ಅಟ್ಟ ಗುಡಿಸುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಮಾರುವುದಾದರೆ ಮಾರಿ, ತಪ್ಪೇನಿಲ್ಲ, ಆದರೆ ತೂಕಕ್ಕೆ ಹಾಕಬೇಡಿ. ಮಾರಲು ಮನಸ್ಸಿಲ್ಲದಿದ್ದರೆ ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಅಲ್ಲಿ ರೀಲಿನ ಜೊತೆ ಪೋಸ್ಟರ್, ಹಾಡಿನ ಪುಸ್ತಕ, ಸ್ಟಿಲ್ ಎಲ್ಲವನ್ನೂ ಕಾಪಾಡುತ್ತಾರೆ. ಹೊರದೇಶದವರು ಜಾಸ್ತಿ ದುಡ್ಡು ಕೊಡುತ್ತೇನೆಂದರೆ ಅವಸರ ಮಾಡಬೇಡಿ. 75 ವರ್ಷ ದಾಟಿದ, ಇತಿಹಾಸದ ಬೆಲೆಯುಳ್ಳ ದಾಖಲೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೊಳಗೆ ಬರುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಆಯಿ ಹದಿನೈದು ದಿನ ಬಿಟ್ಟು ಫೋನ್ ಮಾಡಿದರು. ಟ್ರಂಕಿನದ್ದೆಲ್ಲ ಕೊಟ್ಟರು, ಒಂದು ಪುಸ್ತಕ ಬಿಟ್ಟು. ಮದುವೆಯಾದ ಹೊಸದರಲ್ಲಿ ಯಜಮಾನರು ತಂಬುವಿನೊಳಗೆ ಮಷಿನ್ ಪಕ್ಕ ಕೂರಿಸಿ ತೋರಿಸಿದ ಚಿತ್ರದ್ದು ಅದು. ನಾನು ಅದರ ಬೆಲೆ ಕೇಳಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು, ಒಂದು ಪಾಲಿಯೆಸ್ಟರ್ ಕವರ್ ಕೊಟ್ಟು ಬಂದೆ.